ಊರಿನ ಚರ್ಚು, ಊರಿನ ಬಡವರು: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಚರ್ಚಿನ ಅಂಗಳದಲ್ಲಿ, ರಿಕ್ಷಾದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿಬರುವ ಪ್ರಶ್ನೆಗಳಿವು. ಕೆಲವು ಕುತೂಹಲದವು, ಕೆಲವು ಅನುಮಾನದವು. ಎರಡಕ್ಕೂ ನೇರವಾಗಿಯೇ ಉತ್ತರ ಹೇಳೋಣ. ಉದಾಹರಣೆಗಳೆಲ್ಲ ಹೆಚ್ಚಾಗಿ ಕರ್ನಾಟಕದವು, ಅದರಲ್ಲೂ ಕರಾವಳಿಯವು. ನಾನು ಹತ್ತಿರದಿಂದ ನೋಡಿರುವುದು ಅದನ್ನೇ.

ಚರ್ಚು ಅಂದರೆ ಪ್ರಾರ್ಥನೆಯ ಜಾಗ ಅಲ್ವಾ? ಬಡವರ ಉಸಾಬರಿ ಅದಕ್ಕೆ ಯಾಕೆ?

ಚರ್ಚು ಹುಟ್ಟಿದ ದಿನದಿಂದಲೂ ಈ ಉಸಾಬರಿ ಅದರ ಜೊತೆಗೇ ಇದೆ. ಬೈಬಲ್ಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕದ ಆರನೇ ಅಧ್ಯಾಯ ತೆಗೆದು ನೋಡಿ. ಯೆರೂಸಲೇಮಿನ ಮೊದಲ ಸಭೆಯಲ್ಲಿ, ಅಂದರೆ ಅಲ್ಲಿನ ಕ್ರೈಸ್ತರ ಸಮುದಾಯದಲ್ಲಿ, ಜಗಳ ಎದ್ದದ್ದು ಊಟದ ವಿಷಯಕ್ಕೆ. ದಿನಾ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಾರೆ ಅನ್ನುವುದು ದೂರು. ಆಗ ಸಭೆ ಏನು ಮಾಡಿತು? ಹಂಚುವ ಕೆಲಸಕ್ಕೆ ಏಳು ಜನರನ್ನು ಆರಿಸಿತು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ಅಂದರೆ ದೂರು ಕೊಟ್ಟ ಕಡೆಯವರ ಕೈಗೇ ಸೌಟು ಕೊಟ್ಟಂತೆ ಕಾಣುತ್ತದೆ.

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯವನ್ನು ಎಲ್ಲರೂ ಹೇಳುತ್ತಾರೆ. ಹಸಿದವನಿಗೆ ಕೊಟ್ಟದ್ದು ನನಗೇ ಕೊಟ್ಟಂತೆ ಅಂತ ಯೇಸು ಹೇಳುವ ಭಾಗ. ಅದು ದೊಡ್ಡ ಮಾತೇ. ಆದರೆ ಕೆಲಸಕ್ಕೆ ಇಳಿದವರಿಗೆ ಆ ಏಳು ಹೆಸರುಗಳೇ ಜಾಸ್ತಿ ಉಪಯೋಗಕ್ಕೆ ಬರುತ್ತವೆ ಅಂತ ನನ್ನ ಅನಿಸಿಕೆ. ಸೌಟು ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ನಮ್ಮ ಕಡೆ ಇದು ಯಾವಾಗ ಶುರುವಾಯಿತು?

ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಅವರು ಬಂದದ್ದು ಧರ್ಮ ಪ್ರಚಾರಕ್ಕೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮತ ಬದಲಿಸಿದವರಿಗೆ ತಕ್ಷಣ ಒಂದು ಸಮಸ್ಯೆ ಎದುರಾಯಿತು. ಮನೆಯವರು ಹೊರಗೆ ಹಾಕಿದರು, ಜಾತಿಯ ಕಸುಬು ಕೈಬಿಟ್ಟಿತು, ಗೇಣಿ ಭೂಮಿಯೂ ಹೋಯಿತು. ಹೊಟ್ಟೆಗೇನು? ಬೇಸಾಯ, ನೇಯ್ಗೆ, ಮರಗೆಲಸ, ಮುದ್ರಣ, ಹೀಗೆ ಒಂದೊಂದಾಗಿ ಪ್ರಯತ್ನ ನಡೆಯಿತು. 1865ರಲ್ಲಿ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ಮಂಗಳೂರು ಹಂಚು ದೇಶವಿದೇಶ ಸುತ್ತಿದ್ದು ಅಲ್ಲಿಂದ. ಕೊಡಗಿನಲ್ಲಿ ಹರ್ಮನ್ ಮೋಗ್ಲಿಂಗ್ ಅನ್ನುವ ಜರ್ಮನ್ ಪಾದ್ರಿ ಜೀತದಂಥ ಸ್ಥಿತಿಯಲ್ಲಿದ್ದ ಕೂಲಿ ಜನರಿಗಾಗಿ ಆನಂದಪುರ ಅನ್ನುವ ಊರನ್ನೇ ಕಟ್ಟಿದರು.

ಇದಕ್ಕೆ ಇನ್ನೊಂದು ಮುಖವೂ ಇದೆ. ಕಾರ್ಖಾನೆಯ ಧಣಿ ಮಿಷನ್ನು, ಸಭೆಯನ್ನು ನಡೆಸುವುದೂ ಮಿಷನ್ನು. ಕೆಲಸ, ಮನೆ, ಪ್ರಾರ್ಥನೆ ಎಲ್ಲ ಒಬ್ಬರದೇ ಕೈಯಲ್ಲಿದ್ದರೆ ಎದುರು ಮಾತಾಡುವುದು ಹೇಗೆ? ಹೊಟ್ಟೆ ತುಂಬಿತು, ಆದರೆ ಸೌಟು ಬಹಳ ಕಾಲ ದೊರೆಗಳ ಕೈಯಲ್ಲೇ ಉಳಿಯಿತು.

ಕ್ಯಾಥೊಲಿಕ್ ಕಡೆ ನೋಡಿದರೆ ಅಗಸ್ಟಸ್ ಮುಲ್ಲರ್ ಅನ್ನುವ ಜರ್ಮನ್ ಯೇಸುಸಭೆಯ ಪಾದ್ರಿ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ಶುರು ಮಾಡಿದರು. 'ಹೋಮಿಯೋಪಥಿಕ್ ಪೂವರ್ ಡಿಸ್ಪೆನ್ಸರಿ' ಅಂತಲೇ ಅದರ ಹೆಸರು. ಕುಷ್ಠರೋಗಿಗಳಿಗೆ ಇರಲು ಜಾಗವೇ ಇರಲಿಲ್ಲ. 1890ರಲ್ಲಿ ಅವರಿಗೊಂದು ಆಶ್ರಯ ಮಾಡಿದರು. 1902ರಲ್ಲಿ ಪ್ಲೇಗ್ ಆಸ್ಪತ್ರೆ. ಇವತ್ತಿನ ಫಾದರ್ ಮುಲ್ಲರ್ ಮೆಡಿಕಲ್ ಕಾಲೇಜಿನ ಬೇರು ಅಲ್ಲಿದೆ.

ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರದ್ದು. ಮೈಸೂರಿನಲ್ಲಿ ಜನ 'ಮಿಷನ್ ಆಸ್ಪತ್ರೆ' ಅನ್ನುವುದು 1906ರಲ್ಲಿ ಶುರುವಾದದ್ದು. ಧಾತು-ಈಶ್ವರ ವರ್ಷಗಳ ಬರದಲ್ಲಿ, ಅಂದರೆ 1876–78ರಲ್ಲಿ, ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳಿಗಾಗಿ ಮಿಷನ್ನುಗಳು ಅನಾಥಾಲಯ ತೆರೆದವು.

ಅದು ಹಳೇ ಕಥೆ. ಈಗ ಒಂದು ಸಾಧಾರಣ ಊರಿನ ಚರ್ಚಿನಲ್ಲಿ ಏನು ನಡೆಯುತ್ತದೆ?

ದೊಡ್ಡ ಆಸ್ಪತ್ರೆ, ಕಾಲೇಜು ಎಲ್ಲರ ಕಣ್ಣಿಗೂ ಬೀಳುತ್ತವೆ. ಕಣ್ಣಿಗೆ ಬೀಳದ ಕೆಲಸ ನಡೆಯುವುದು ವಾಳೆಗಳಲ್ಲಿ. ಕರಾವಳಿಯ ಕ್ಯಾಥೊಲಿಕ್ ಚರ್ಚುಗಳನ್ನು ವಾಳೆಗಳಾಗಿ, ಅಂದರೆ ಅಕ್ಕಪಕ್ಕದ ಮನೆಗಳ ಗುಂಪುಗಳಾಗಿ, ಹಂಚಿರುತ್ತಾರೆ. ಪ್ರತಿ ವಾಳೆಗೆ ಒಬ್ಬ ಗುರಿಕಾರರು ಇರುತ್ತಾರೆ. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರ ಮಗ ಕುಡಿದು ಗಲಾಟೆ ಮಾಡುತ್ತಾನೆ, ಯಾರ ಮನೆಯ ಹಂಚು ಹಾರಿಹೋಗಿದೆ, ಇವರಿಗೆ ಗೊತ್ತಿರುತ್ತದೆ. ಪಕ್ಕದ ಮನೆ ಹಿಂದೂಗಳದ್ದಾಗಲಿ ಮುಸ್ಲಿಮರದ್ದಾಗಲಿ, ಅದೂ ಗೊತ್ತಿರುತ್ತದೆ.

ಹೆಚ್ಚಿನ ಚರ್ಚುಗಳಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಅಂತ ಒಂದಿರುತ್ತದೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜನಾಂ ಅನ್ನುವ 20 ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಕಟ್ಟಿದ್ದು. ಇದರ ಪದ್ಧತಿ ಸರಳ. ಕಷ್ಟದಲ್ಲಿರುವವರನ್ನು ಚರ್ಚಿಗೆ ಕರೆಸುವುದಿಲ್ಲ, ಸದಸ್ಯರೇ ಅವರ ಮನೆಗೆ ಹೋಗುತ್ತಾರೆ. ಇಬ್ಬಿಬ್ಬರಾಗಿ ಹೋಗಬೇಕು. ಬೈಠಕ್ಕಿನ ಕೊನೆಗೆ ಕಾಣಿಕೆಯ ಒಂದು ಚೀಲ ಸುತ್ತು ಬರುತ್ತದೆ, ಅದರೊಳಗೆ ಕೈ ಹಾಕಿ ತೆಗೆಯಬೇಕು. ಯಾರು ನೂರು ಹಾಕಿದರು, ಯಾರು ಹತ್ತು ಹಾಕಿದರು, ಯಾರು ಸುಮ್ನೆ ಕೈ ಹಾಕಿ ತೆಗೆದರು ಅಂತ ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಸಹಾಯ ಪಡೆಯುವವರ ಹೆಸರನ್ನು ಹೊರಗೆ ಹೇಳುವುದಿಲ್ಲ.

ಮನೆ ಭೇಟಿಗೆ ಬರೆದಿಡದ ಕೆಲವು ನಿಯಮಗಳೂ ಇವೆ. ಚಪ್ಪಲಿ ಹೊರಗೆ ಬಿಡಬೇಕು. ನಿಂತೇ ಮಾತಾಡಿ ಹೊರಡಬಾರದು, ಕೂರಬೇಕು. ಅವರು ಕಪ್ಪು ಚಹಾ ಕೊಟ್ಟರೆ ಬೇಡ ಅನ್ನಬಾರದು. ಅವರ ಮನೆಯಲ್ಲಿ ನಾವು ನೆಂಟರು.

ಪ್ರೊಟೆಸ್ಟಂಟ್ ಸಭೆಗಳಲ್ಲಿ ಈ ಕೆಲಸ ಸ್ತ್ರೀಯರ ಅನ್ಯೋನ್ಯ ಕೂಟದ ಹೆಗಲ ಮೇಲೆ ಬೀಳುವುದೇ ಜಾಸ್ತಿ. ಗಂಡಸರ ಸಮಿತಿ ನಿರ್ಣಯ ಮಾಡುತ್ತದೆ, ಹೆಂಗಸರು ಮಾಡಿ ಮುಗಿಸುತ್ತಾರೆ. ಇದು ಎಲ್ಲ ಕಡೆ ಹಾಗೇ ಅಲ್ವಾ?

ಸರ್ಕಾರ ಅನ್ನಭಾಗ್ಯದ ಅಕ್ಕಿ ಕೊಡುತ್ತಿದೆ, ಗೃಹಲಕ್ಷ್ಮಿ ದುಡ್ಡು ಕೊಡುತ್ತಿದೆ. ಚರ್ಚು ಇನ್ನೂ ಕಿಟ್ ಹಂಚಬೇಕಾ?

ಅಕ್ಕಿ ಕಿಟ್ಟಿನ ಕಾಲ ಬಹುಪಾಲು ಮುಗಿದಿದೆ. ಅದನ್ನು ಒಪ್ಪಿಕೊಳ್ಳದ ಚರ್ಚುಗಳು ಸುಲಭದ ದಾರಿ ಹಿಡಿದಿವೆ ಅಂತಲೇ ಹೇಳಬೇಕು. ಬಡತನ ಹೋಗಿಲ್ಲ, ಅದು ಕಾಣುವ ರೀತಿ ಬದಲಾಗಿದೆ.

ನಾನು ನೋಡಿದ ಒಂದು ಮನೆಯ ಕಥೆ ಹೇಳುತ್ತೇನೆ. ಬೀಡಿ ಕಟ್ಟುವ ತಾಯಿ, ಮೂವತ್ತು ದಾಟಿದ ಮಗ. ಮಗನಿಗೆ ಕಿಡ್ನಿ ಹೋಗಿದೆ, ವಾರಕ್ಕೆ ಎರಡು ಸಲ ಡಯಾಲಿಸಿಸ್. ಡಯಾಲಿಸಿಸ್ ಉಚಿತವೇ. ಆದರೆ ಹೋಗಿ ಬರುವ ರಿಕ್ಷಾ ಬಾಡಿಗೆ ಉಚಿತ ಅಲ್ಲ. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ, ಸರಿ. ಆದರೆ ಆ ಕಡೆ ಓಡುವುದೆಲ್ಲ ಖಾಸಗಿ ಬಸ್ಸು. ತಾಯಿ ಜೊತೆಗೆ ಹೋದ ದಿನ ಬೀಡಿ ಇಲ್ಲ, ಬೀಡಿ ಇಲ್ಲದಿದ್ದರೆ ಮಜೂರಿ ಇಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮೆಷಿನ್ ತೆಗೆದುಕೊಳ್ಳುವುದಿಲ್ಲ. ನಲವತ್ತು ವರ್ಷ ಎಲೆ ಸುತ್ತಿ, ದಾರ ಕಟ್ಟಿ ಬೆರಳಿನ ಗೆರೆ ಸವೆದಿದೆ. ಮಗ ಬಂದು ಒತ್ತಬೇಕು. ಅವನು ಆಸ್ಪತ್ರೆಯಲ್ಲಿ.

ಈ ಮನೆಗೆ ಐದು ಕೆಜಿ ಕುಚ್ಚಲಕ್ಕಿ ತಗೊಂಡು ಹೋಗಿ ಕೊಟ್ಟರೆ ಆ ತಾಯಿ ಕೈಮುಗಿದು ತೆಗೆದುಕೊಳ್ಳುತ್ತಾರೆ. ಕಷ್ಟ ಮಾತ್ರ ಇದ್ದಲ್ಲೇ ಇರುತ್ತದೆ. ಅವರಿಗೆ ಬೇಕಾದದ್ದು ವಾರಕ್ಕೆ ಎರಡು ಸಲ ಒಂದು ಗಾಡಿ. ವಾಳೆಯಲ್ಲಿ ಸ್ವಂತ ರಿಕ್ಷಾ ಇರುವವರು ನಾಲ್ಕು ಜನ ಇದ್ದರು. ಪಾಳಿ ಹಾಕಿಕೊಂಡರು. ಇನ್ನೊಬ್ಬರು ನಾಡಕಚೇರಿಗೆ ಅಲೆದು ಪಿಂಚಣಿ ಅರ್ಜಿ ಮುಗಿಸಿದರು. ಚರ್ಚಿನ ಹುಂಡಿಯಿಂದ ಖರ್ಚಾದದ್ದು ತೀರಾ ಕಡಿಮೆ.

ಇವತ್ತಿನ ದೊಡ್ಡ ಸೇವೆ ಅಂದರೆ ಕಾಗದಪತ್ರ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಸಂಧ್ಯಾ ಸುರಕ್ಷಾ ಪಿಂಚಣಿ ಸುಮ್ನೆ ನಿಂತುಹೋಗಿದೆ, ಯಾಕೆ ಅಂತ ಹೇಳುವವರಿಲ್ಲ. ಬ್ಯಾಂಕಿನವರು ಕೆವೈಸಿ ಅನ್ನುತ್ತಾರೆ. ಓದು ಬರಹ ಬಲ್ಲ ನಿವೃತ್ತ ಮೇಷ್ಟ್ರು, ಗುಮಾಸ್ತರು ಪ್ರತಿ ಸಭೆಯಲ್ಲೂ ಇರುತ್ತಾರೆ. ಅವರು ವಾರಕ್ಕೊಂದು ಬೆಳಗ್ಗೆ ಮೇಜು ಹಾಕಿಕೊಂಡು ಕೂತರೆ ನೂರು ಕಿಟ್ಟಿಗಿಂತ ಮೇಲು. ಇನ್ನು ಹಾಸಿಗೆ ಹಿಡಿದ ಹಿರಿಯರಿಗೆ ದೊಡ್ಡವರ ಡೈಪರ್, ಗಾಳಿ ಹಾಸಿಗೆ, ವೀಲ್ ಚೇರ್ ಬೇಕು. ನಾಚಿಕೆಯಿಂದ ಬಾಯಿಬಿಟ್ಟು ಕೇಳುವುದಿಲ್ಲ. ಮನೆಗೆ ಹೋಗಿ ಕೂತವರಿಗಷ್ಟೇ ಗೊತ್ತಾಗುತ್ತದೆ.

ದುಡ್ಡು ಎಲ್ಲಿಂದ ಬರುತ್ತದೆ? ಎಲ್ಲ ಫಾರಿನ್ ದುಡ್ಡಂತೆ?

ಊರಿನ ಚರ್ಚಿನ ಮಟ್ಟದಲ್ಲಿ ಹೆಚ್ಚಿನದು ಊರಿನದೇ ದುಡ್ಡು. ಭಾನುವಾರದ ಕಾಣಿಕೆ, ಬಡವರ ಪೆಟ್ಟಿಗೆ, ಈಸ್ಟರ್ ಮೊದಲಿನ ನಲವತ್ತು ದಿನದ ಉಪವಾಸ ಕಾಲದಲ್ಲಿ ಮಾಂಸ ಮೀನು ಬಿಟ್ಟು ಉಳಿಸಿದ್ದು, ಗಲ್ಫಿನಲ್ಲಿರುವ ಮಕ್ಕಳು ಅಪ್ಪನ ವರ್ಷದ ಪೂಜೆಗೆ ಅಂತ ಕಳಿಸಿದ್ದು. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಅನ್ನುವ ಪ್ರೊಟೆಸ್ಟಂಟ್ ಪಂಗಡ) ಸಭೆಗಳಲ್ಲಿ ಬೆಳೆ ಹಬ್ಬದ ಏಲಂ ಇದೆ. ಅದನ್ನು ಒಮ್ಮೆ ನೋಡಬೇಕು. ಹಿತ್ತಲಲ್ಲಿ ಬೆಳೆದ ಬಸಳೆ ಕಟ್ಟು, ಬಾಳೆಗೊನೆ, ನಾಟಿಕೋಳಿ ಎಲ್ಲ ತಂದು ಇಡುತ್ತಾರೆ. ಒಂದು ಕುಂಬಳಕಾಯಿಗೆ ಇಬ್ಬರು ಭಾವ-ಮೈದುನರು ಹಠಕ್ಕೆ ಬಿದ್ದು ಬೆಲೆ ಏರಿಸುತ್ತಾರೆ. ಗೆದ್ದವರು ಅದನ್ನೇ ವಾಪಸು ಏಲಕ್ಕೆ ಇಡುವುದೂ ಉಂಟು.

ವಿದೇಶದ ದುಡ್ಡು ಬರುವುದು ಧರ್ಮಪ್ರಾಂತ್ಯಗಳ (ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶಗಳ), ಸಿಸ್ಟರ್‌ಗಳ ಸಂಸ್ಥೆಗಳಿಗೆ. ಅದಕ್ಕೆ ಕೇಂದ್ರ ಗೃಹ ಸಚಿವಾಲಯದಲ್ಲಿ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಆ ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ಖರ್ಚು ನೂರಕ್ಕೆ 20 ದಾಟುವಂತಿಲ್ಲ. ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ. ಹಳ್ಳಿಗಾಡಿನ ಸಣ್ಣ ಕೇಂದ್ರಗಳಿಗೆ ಹೆಚ್ಚು ಪೆಟ್ಟು ಕೊಟ್ಟದ್ದು ಈ ಕೊನೆಯದು. ದೊಡ್ಡವರ ಮೂಲಕ ಬರುತ್ತಿದ್ದದ್ದು ನಿಂತುಹೋಯಿತು. ಲೆಕ್ಕ ಕೇಳುವುದು ತಪ್ಪಲ್ಲ, ಕೇಳಲೇಬೇಕು. ಊರಿನ ಚರ್ಚಿನ ಲೆಕ್ಕವನ್ನೂ ಕೇಳಿ. ಹಬ್ಬದ ಪಟಾಕಿ, ಲೈಟಿಂಗಿಗೆ ಎಷ್ಟು, ಬಡವರ ನಿಧಿಗೆ ಎಷ್ಟು ಅಂತ ಪಕ್ಕಪಕ್ಕ ಇಟ್ಟು ನೋಡಿದರೆ ಕೆಲವು ಕಡೆ ಮುಜುಗರ ಆಗುತ್ತದೆ.

ಸಹಾಯ ಕ್ರೈಸ್ತರಿಗೆ ಮಾತ್ರವಾ?

ಅಲ್ಲ. ಮುಂಡಗೋಡಿನ ಲೊಯೋಲ ವಿಕಾಸ ಕೇಂದ್ರವನ್ನು ನೋಡಿ. ಯೇಸುಸಭೆಯವರು ಅಲ್ಲಿ ಸಿದ್ದಿ, ಗೌಳಿ, ಲಂಬಾಣಿ ಜನರ ಜೊತೆ ಕೆಲಸ ಮಾಡುತ್ತಾರೆ. ಸಿದ್ದಿಗಳಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಕಾಡಿನ ಹಕ್ಕು, ಶಾಲೆ, ಮೀಸಲಾತಿ ಅನ್ನುವ ಪ್ರಶ್ನೆಗಳು ಮೂವರಿಗೂ ಒಂದೇ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ.

ವಾಳೆಯ ಮಟ್ಟದಲ್ಲಿ ಮಾತ್ರ ಒಂದು ಮಾತು ಒಪ್ಪಬೇಕು. ಪಟ್ಟಿ ಮಾಡುವಾಗ ಮೊದಲು ನೆನಪಾಗುವುದು ಪೂಜೆಗೆ ಬರುವ ಮುಖಗಳೇ. ಬಂದರಿನಲ್ಲಿ ದೋಣಿಗೆ ಹೋಗುವ ಒಡಿಶಾ, ಜಾರ್ಖಂಡಿನ ಹುಡುಗರು, ಕಟ್ಟಡ ಕೆಲಸಕ್ಕೆ ಬಂದು ಶೆಡ್ಡಿನಲ್ಲಿರುವ ಕೊಪ್ಪಳ, ಗದಗದ ಕುಟುಂಬಗಳು ಯಾವ ವಾಳೆಯ ಲೆಕ್ಕಕ್ಕೂ ಬರುವುದಿಲ್ಲ. ಲಾಕ್‌ಡೌನ್ ಬಂದಾಗಲೇ ಎಷ್ಟೋ ಚರ್ಚುಗಳಿಗೆ ಈ ಜನ ಇಲ್ಲೇ ಇದ್ದಾರೆ ಅಂತ ಕಂಡದ್ದು.

ಇದೆಲ್ಲ ಮತಾಂತರಕ್ಕಾಗಿ ಅಲ್ವಾ?

ಬಹಳ ಜನ ಕೇಳುವ ಪ್ರಶ್ನೆ, ಗಂಭೀರವಾಗಿಯೇ ಉತ್ತರಿಸಬೇಕು. 19ನೇ ಶತಮಾನದ ಮಿಷನ್ನುಗಳಿಗೆ ಆ ಉದ್ದೇಶ ಇತ್ತು, ಅವರೇ ಬರೆದಿಟ್ಟಿದ್ದಾರೆ. ಇವತ್ತೂ ಕೆಲವು ಗುಂಪುಗಳು ಸಹಾಯವನ್ನೂ ಪ್ರಚಾರವನ್ನೂ ಒಟ್ಟಿಗೆ ಕಲಸುತ್ತವೆ. ಅದು ನನಗೆ ಸರಿ ಕಾಣುವುದಿಲ್ಲ. ಹಸಿದವರ ಒಪ್ಪಿಗೆ ನಿಜವಾದ ಒಪ್ಪಿಗೆ ಆಗುವುದಿಲ್ಲ.

ಪರೀಕ್ಷೆ ಸುಲಭ. ಆ ಮನೆಯವರು ಎಂದೂ ಚರ್ಚಿಗೆ ಬರುವುದಿಲ್ಲ ಅಂತ ಖಚಿತ ಆದಮೇಲೂ ರಿಕ್ಷಾ ಅವರ ಮನೆಗೆ ಹೋಗುತ್ತದಾ? ಹೋದರೆ ಅದು ಸೇವೆ. ಇನ್ನೊಂದು: ಅಕ್ಕಿ ಹಂಚುವ ದಿನವೇ, ಅದೇ ಪೆಂಡಾಲಿನಲ್ಲೇ ಪ್ರಾರ್ಥನಾ ಕೂಟ ಇಟ್ಟುಕೊಳ್ಳಬಾರದು. ಕೇಳದೆ ಯಾರ ತಲೆ ಮೇಲೂ ಕೈ ಇಟ್ಟು ಪ್ರಾರ್ಥಿಸಬಾರದು.

ಕಾನೂನಿನ ಮಾತು ಬಂದರೆ, ಕರ್ನಾಟಕದಲ್ಲಿ 2022ರಲ್ಲಿ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಆಮಿಷ ಒಡ್ಡಿ ಮತಾಂತರ ಮಾಡುವುದನ್ನು ಅಪರಾಧ ಅನ್ನುತ್ತದೆ. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿತು. ಆಮಿಷ ಅನ್ನುವುದರ ಅರ್ಥವನ್ನು ಎಷ್ಟು ಹಿಗ್ಗಿಸಬಹುದು ಅನ್ನುವುದೇ ಜನರ ಭಯ. ಉಚಿತ ಟ್ಯೂಷನ್ ಕೂಡ ಆಮಿಷ ಆಗಬಹುದಾ ಅಂತ ಸಿಸ್ಟರ್‌ಗಳು ಕೇಳಿದ್ದರಲ್ಲಿ ಆಶ್ಚರ್ಯ ಇಲ್ಲ.

ಚರ್ಚಿನೊಳಗೇ ಜಾತಿ ಇದೆಯಂತಲ್ಲ?

ಇದೆ. ಕರಾವಳಿಯಲ್ಲಿ ಮದುವೆ ಮಾತುಕತೆಗೆ ಕೂತಾಗ ಬಾಮಣ್, ಚಾರೋಡಿ ಅನ್ನುವ ಮಾತು ಈಗಲೂ ಮೆಲ್ಲಗೆ ಹೊರಬರುತ್ತದೆ. ಭಾರತದ ಕ್ಯಾಥೊಲಿಕ್ ಬಿಷಪರೇ 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ನೀತಿ ಹೊರಡಿಸಿ, ಚರ್ಚಿನೊಳಗೆ ಅಸ್ಪೃಶ್ಯತೆ ಇದೆ ಅಂತ ಒಪ್ಪಿದರು. ಮೊದಲ ದಲಿತ ಕಾರ್ಡಿನಲ್ (ಪೋಪರ ನಂತರದ ಸ್ಥಾನ) ಆಗಿ ಹೈದರಾಬಾದಿನ ಆಂಥೊನಿ ಪೂಲಾ ನೇಮಕವಾದದ್ದು 2022ರಲ್ಲಿ. ಎಷ್ಟು ತಡ ಅಂತ ನೀವೇ ಲೆಕ್ಕ ಹಾಕಿ.

ದಲಿತ ಕ್ರೈಸ್ತರಿಗೆ ಹೊರಗಿನಿಂದಲೂ ಏಟು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು. ಕ್ರೈಸ್ತರಿಗೆ, ಮುಸ್ಲಿಮರಿಗೆ ಸಿಕ್ಕಿಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರು ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 1ರಲ್ಲಿ ಇದ್ದಾರೆ, ಉಳಿದ ಕ್ರೈಸ್ತರು 3ಬಿಯಲ್ಲಿ. ನಿಮ್ಮ ಸಭೆಯ ಮಕ್ಕಳಿಗೆ ಈ ಸರ್ಟಿಫಿಕೇಟ್ ಮಾಡಿಸಿಕೊಡುವುದೂ ಸೇವೆಯೇ. ಎಷ್ಟೋ ಮನೆಗಳಿಗೆ ಇದು ಗೊತ್ತೇ ಇರುವುದಿಲ್ಲ.

ಬಡವರ ಸೇವೆ ಅನ್ನುತ್ತೀರಿ, ಚರ್ಚಿನ ಶಾಲೆಯಲ್ಲಿ ಸೀಟು ಸಿಗಬೇಕಾದರೆ ಕೈತುಂಬ ದುಡ್ಡು ಬೇಕಲ್ಲ?

ನ್ಯಾಯವಾದ ದೂರು. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಗಳು ನೂರಕ್ಕೆ 25 ಸೀಟು ಬಡ ಮಕ್ಕಳಿಗೆ ಕೊಡಬೇಕು ಅಂತಿದೆ. ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನು ಬಿಟ್ಟಿತು ಅಂದಮಾತ್ರಕ್ಕೆ ಸುವಾರ್ತೆ ಬಿಡುತ್ತದಾ? ಶುಲ್ಕ ಕಡಿಮೆ ಇರುವ ಹಳೇ ಕನ್ನಡ ಮಾಧ್ಯಮ ಶಾಲೆಗಳನ್ನು ಕಷ್ಟಪಟ್ಟು ನಡೆಸುತ್ತಿರುವ ಸಿಸ್ಟರ್‌ಗಳೂ ಇದ್ದಾರೆ. ಅವರ ಹೆಸರು ಪೇಪರಿನಲ್ಲಿ ಬರುವುದಿಲ್ಲ.

ಸಮಾಜ ದೂರ ಇಟ್ಟವರಿಗೆ ಏನು ವ್ಯವಸ್ಥೆ ಇದೆ?

ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿ ಕೇಂದ್ರ ಕುಷ್ಠರೋಗಿಗಳ ಪುನರ್ವಸತಿಗೆ ಹುಟ್ಟಿದ್ದು. ಇವತ್ತು ಮೇಲ್ಸೇತುವೆಯ ಹೆಸರಾಗಿಯೇ ಅದು ಎಲ್ಲರಿಗೂ ಗೊತ್ತು. ಸರ್ಜಾಪುರ ರಸ್ತೆಯ ಸ್ನೇಹದಾನ ಎಚ್‌ಐವಿ ಇರುವವರಿಗಾಗಿ ಕಮಿಲಿಯನ್ ಅನ್ನುವ ಕ್ಯಾಥೊಲಿಕ್ ಪಾದ್ರಿಗಳ ಸಭೆಯವರು ನಡೆಸುವುದು. ಹೊಸೂರು ರಸ್ತೆಯಲ್ಲಿ 'ಲಿಟಲ್ ಸಿಸ್ಟರ್ಸ್ ಆಫ್ ದಿ ಪೂವರ್' ನಡೆಸುವ ವೃದ್ಧಾಶ್ರಮ ಇದೆ. ಆ ಸಿಸ್ಟರ್‌ಗಳು ಮಾರುಕಟ್ಟೆಗೆ ಹೋಗಿ ಅಂಗಡಿ ಅಂಗಡಿಯಲ್ಲಿ ತರಕಾರಿ, ದಿನಸಿ ಬೇಡಿ ತರುತ್ತಾರೆ. ಬೇಡುವುದು ಅವರ ಸಂಸ್ಥೆಯ ಹಳೇ ಪದ್ಧತಿ. ಕೊಡುವವರಲ್ಲಿ ಎಲ್ಲ ಧರ್ಮದ ವ್ಯಾಪಾರಿಗಳೂ ಇದ್ದಾರೆ.

ಮನೆಗೆಲಸದವರಿಗೆ ರಾಷ್ಟ್ರೀಯ ಗೃಹ ಕಾರ್ಮಿಕರ ಚಳವಳಿ ಇದೆ. ಜಾನ್ ಡೆವೋಸ್ ಅನ್ನುವ ಬೆಲ್ಜಿಯಂ ಸಿಸ್ಟರ್ 1985ರಲ್ಲಿ ಶುರು ಮಾಡಿದ್ದು. ಇಲ್ಲಿ ಕೆಲಸದವರೇ ಸಂಘ ಕಟ್ಟಿಕೊಂಡು ರಜೆ, ಸಂಬಳ ಕೇಳುತ್ತಾರೆ. ಮನೆ ಯಜಮಾನಿಯೂ ಅದೇ ಚರ್ಚಿನವರಾಗಿದ್ದರೆ ಭಾನುವಾರ ಸ್ವಲ್ಪ ಬಿಸಿಯಾಗುತ್ತದೆ. ಆಗಲಿ ಬಿಡಿ.

ಹಳೇ ಬಟ್ಟೆ ತಂದುಕೊಡಬಹುದಾ?

ಒಗೆದು, ಗುಂಡಿ ಇದ್ದು, ನೀವೇ ಇನ್ನೊಂದು ಸಲ ಹಾಕಿಕೊಳ್ಳುವ ಹಾಗಿದ್ದರೆ ತನ್ನಿ. ಇಲ್ಲದಿದ್ದರೆ ನೆಲ ಒರೆಸಲು ಇಟ್ಟುಕೊಳ್ಳಿ.

ಹಂಚುವಾಗ ಫೋಟೊ ತೆಗೆಯಬಹುದಾ?

ಚೀಲಗಳ ಫೋಟೊ ತೆಗೆಯಿರಿ. ಚೀಲ ತೆಗೆದುಕೊಳ್ಳುವವರ ಮುಖ ಬೇಡ. ಅವರ ಮಗಳ ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿಗೆ ಅದು ಸಂಜೆಯೊಳಗೆ ತಲುಪುತ್ತದೆ. ದಾನಿಗೆ ಲೆಕ್ಕ ಬೇಕಾದರೆ ಬಿಲ್ಲು ಕಳಿಸಿ.

ನಾನು ಕ್ರೈಸ್ತನಲ್ಲ. ಕೈಜೋಡಿಸಬಹುದಾ?

ಖಂಡಿತ. ರಕ್ತದಾನ, ಟ್ಯೂಷನ್, ಕಾಗದಪತ್ರದ ಮೇಜು, ಗಾಡಿ ಓಡಿಸುವುದು, ಇವಕ್ಕೆಲ್ಲ ಯಾರು ಬಂದರೂ ಸಂತೋಷ. ವಿನ್ಸೆಂಟ್ ಸಭೆಯ ಬೈಠಕ್ಕು ಪ್ರಾರ್ಥನೆಯಿಂದ ಶುರುವಾಗುತ್ತದೆ. ಅಲ್ಲಿ ಕೂರಲೇಬೇಕು ಅಂತಿಲ್ಲ.

ನಮ್ಮದು ನಲವತ್ತು ಮನೆಯ ಸಣ್ಣ ಸಭೆ. ನಮ್ಮಿಂದ ಏನಾದೀತು?

ನಲವತ್ತು ಮನೆ ಅಂದರೆ ಕಡಿಮೆ ಏನಲ್ಲ. ಮೊದಲು ದುಡ್ಡು ಎತ್ತಬೇಡಿ. ಎರಡು ತಿಂಗಳು ಸುಮ್ನೆ ನಡೆದಾಡಿ, ಚರ್ಚಿನ ಸುತ್ತ ಒಂದು ಕಿಲೋಮೀಟರಿನಲ್ಲಿ ಯಾರಿದ್ದಾರೆ ಅಂತ ತಿಳಿದುಕೊಳ್ಳಿ. ಆಶಾ ಕಾರ್ಯಕರ್ತೆಯನ್ನು, ಅಂಗನವಾಡಿ ಟೀಚರನ್ನು ಮಾತಾಡಿಸಿ. ಊರಿನ ಪರಿಸ್ಥಿತಿ ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಆಮೇಲೆ ಒಂದೇ ಕೆಲಸ ಆರಿಸಿಕೊಳ್ಳಿ. ಮೂರು ವರ್ಷ ಬಿಡದೆ ಮಾಡುವಷ್ಟು ಸಣ್ಣದಿರಲಿ.

ಸಮಿತಿ ಮಾಡುವಾಗ ಸಹಾಯ ಪಡೆಯುವ ಮನೆಗಳಿಂದ ಕನಿಷ್ಠ ಇಬ್ಬರನ್ನು ಸೇರಿಸಿಕೊಳ್ಳಿ. ಮೊದಮೊದಲು ಅವರು ಮಾತಾಡುವುದಿಲ್ಲ. ನಾಲ್ಕನೇ ಬೈಠಕ್ಕಿನಲ್ಲಿ ಯಾರೋ ಒಬ್ಬರು ಬಾಯಿಬಿಟ್ಟು, 'ಶನಿವಾರ ಬೇಡ, ಅವತ್ತು ಬೀಡಿ ಡಿಪೋಗೆ ಹೋಗಲಿಕ್ಕಿದೆ' ಅನ್ನುತ್ತಾರೆ. ಇಷ್ಟು ದಿನ ಜನ ಯಾಕೆ ಬರುತ್ತಿರಲಿಲ್ಲ ಅಂತ ಆಗ ಗೊತ್ತಾಗುತ್ತದೆ.

ನಮ್ಮ ಬೀದಿಯಲ್ಲಿ ಒಬ್ಬರು ಅಜ್ಜಿ ಒಂಟಿಯಾಗಿದ್ದಾರೆ. ಯಾರಿಗೆ ಹೇಳಬೇಕು?

ಕ್ಯಾಥೊಲಿಕ್ ಚರ್ಚಾದರೆ ಆಫೀಸಿನಲ್ಲಿ ಆ ವಾಳೆಯ ಗುರಿಕಾರರು ಯಾರು ಅಂತ ಕೇಳಿ. ಸಿಎಸ್‌ಐ ಅಥವಾ ಮೆಥೊಡಿಸ್ಟ್ ಸಭೆಯಾದರೆ ಸಭಾಪಾಲಕರನ್ನೋ ಸ್ತ್ರೀಯರ ಕೂಟದವರನ್ನೋ ಕಾಣಿ. ಭಾನುವಾರ ಆರಾಧನೆ ಮುಗಿದ ಗದ್ದಲದಲ್ಲಿ ಹೇಳಿದ್ದು ಮರೆತುಹೋಗುತ್ತದೆ. ವಾರದ ನಡುವೆ ಸಂಜೆ ಹೋಗಿ. ವಿಳಾಸ, ಗುರುತಿನ ಜಾಗ ಒಂದು ಚೀಟಿಯಲ್ಲಿ ಬರೆದುಕೊಡಿ. ಅದಕ್ಕೂ ಮೊದಲು ಅಜ್ಜಿಯನ್ನೇ ಒಂದು ಮಾತು ಕೇಳಿ, ಯಾರಾದರೂ ಬಂದರೆ ಆಗಬಹುದಾ ಅಂತ. ಕೆಲವರಿಗೆ ಬೇಡವಾಗಿರುತ್ತದೆ.

ತುರ್ತು ಇದ್ದರೆ ಚರ್ಚಿಗಾಗಿ ಕಾಯಬೇಡಿ. ಹಿರಿಯರ ಸಹಾಯವಾಣಿ 14567. ಮಕ್ಕಳ ವಿಷಯವಾದರೆ 1098. ಹೆಂಗಸರ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ 181.